ಹೆಸರು ಓದಿ ಬಣ್ಣ ಮಾರುವ ಕೊಟ್ರಸ್ವಾಮಿ

ಕೊಟ್ಟೂರಿನ ಬಸ್ ಸ್ಟ್ಯಾಂಡಿನಿಂದ ಕಾಲೇಜಿನ ಕಡೆ ನಡೆದರೆ ಬಲಕ್ಕೆ ಒಂದು ಹಿಟ್ಟಿನ ಗಿರಣಿ ಸಿಗುತ್ತದೆ. ಅದಕ್ಕೆ ಅಂಟಿಕೊಂಡೇ ಇರುವುದು ಕೊಟ್ರಸ್ವಾಮಿಯವರ ಪುಸ್ತಕದ ಅಂಗಡಿ. ಗಿರಣಿಯ ದೆಸೆಯಿಂದ ಅಂಗಡಿಯ ಗಾಜಿನ ಮೇಲೆ ಸದಾ ತೆಳ್ಳಗೆ ಜೋಳದ ಹಿಟ್ಟು ಕೂತಿರುತ್ತದೆ. ಕೊಟ್ರಸ್ವಾಮಿ ದಿನಕ್ಕೆರಡು ಸಲ ಅದನ್ನು ಒರೆಸುತ್ತಾರೆ. ಒರೆಸುವಾಗ ಯಾರ ಮೇಲೂ ಗೊಣಗುವುದಿಲ್ಲ. ವಯಸ್ಸು ಐವತ್ತೆಂಟು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಬಟ್ಟೆಯ ವಿಷಯದಲ್ಲಿ ಅವರು ಬಿಳಿ ಬಿಟ್ಟು ಬೇರೆ ಆರಿಸಿದ್ದನ್ನು ಊರಿನವರು ಕಂಡಿಲ್ಲ. ಅದನ್ನು ಎಲ್ಲರೂ ಶಿಸ್ತು ಎಂದುಕೊಂಡಿದ್ದರು.

ಹೊರಗಿನ ಬೋರ್ಡಿನಲ್ಲಿ ನೋಟ್‌ಬುಕ್, ಗೈಡು, ಅರ್ಜಿ ಫಾರಂ ಎಂದೆಲ್ಲ ಬರೆಸಿದ್ದರೂ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಿಂದ ಜನ ಬಸ್ಸು ಹತ್ತಿ ಬರುವುದು ಒಳಗಿನ ಒಂದು ಕಪಾಟಿಗಾಗಿ. ಚಿತ್ರ ಬರೆಯುವ ಸಾಮಾನಿನ ಕಪಾಟು ಅದು. ಅದರೊಳಗೆ ಸೇರುವ ಪ್ರತಿಯೊಂದೂ ಮೊದಲು ಕೊಟ್ರಸ್ವಾಮಿಯವರ ಕೈಯಲ್ಲಿ ಪಾಸಾಗಬೇಕು. ಹಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ಒರಟು ನೋಡುತ್ತಾರೆ. ಮೂಲೆಗೊಂದು ಹನಿ ನೀರು ಬಿಟ್ಟು, ಎಷ್ಟು ಹೊತ್ತಿಗೆ ಹೀರುತ್ತದೆ ಎಂದು ಕಾಯುತ್ತಾರೆ. ಪೆನ್ಸಿಲನ್ನು ಗಾಜಿನ ಮೇಲೆ ಉರುಳಿಸುತ್ತಾರೆ. ಕಟ್ಟಿಗೆ ಸೊಟ್ಟಗಿದ್ದರೆ ಅದು ಟಕಟಕ ಎನ್ನುತ್ತ ಹೋಗುತ್ತದೆ, ಅಂಥ ಪೆನ್ಸಿಲಿನ ಸೀಸ ಕೆತ್ತುವಾಗಲೇ ಮುರಿಯುತ್ತದೆ. ಬಣ್ಣದ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಒಣಗಿದ್ದರೆ ಸದ್ದು ಬರುವುದಿಲ್ಲ. ಬ್ರಶ್ಶನ್ನು ನೀರಿಗದ್ದಿ ಒಮ್ಮೆ ಜಾಡಿಸಿದರೆ ಕೂದಲೆಲ್ಲ ಒಂದಾಗಿ ಸೂಜಿಯಂತೆ ನಿಲ್ಲಬೇಕು, ಇಲ್ಲದಿದ್ದರೆ ವಾಪಸು. ಆಯಿಲ್ ಪೇಸ್ಟಲ್ ಕಡ್ಡಿಗಳನ್ನು ಏಪ್ರಿಲ್‌ನಲ್ಲಿ ತರಿಸುವುದೇ ಇಲ್ಲ. ಕೊಟ್ಟೂರಿನ ಬಿಸಿಲಿಗೆ ಅವು ಬೆಲ್ಲದ ಹಾಗೆ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ.

ಮಕ್ಕಳ ಪುಸ್ತಕಗಳ ವಿಷಯದಲ್ಲೂ ಇದೇ ಹಟ. ಬಣ್ಣ ತುಂಬುವ ಪುಸ್ತಕ ಬಂದರೆ ಒಂದೊಂದೇ ಹಾಳೆ ತಿರುವಿ ನೋಡುತ್ತಾರೆ. ಹಿಮದ ಮನೆ, ಹಿಮದ ಮನುಷ್ಯ, ಯಾವುದೋ ದೇಶದ ಹಣ್ಣು ಇವೇ ತುಂಬಿದ್ದರೆ ಅದನ್ನು ಬದಿಗಿಡುತ್ತಾರೆ. ಮಗು ಹೊಸ್ತಿಲು ದಾಟಿ ಹೊರಗೆ ಬಂದರೆ ಕಣ್ಣಿಗೆ ಬೀಳುವಂಥದ್ದು ಅರ್ಧದಷ್ಟಾದರೂ ಇರಬೇಕು ಎಂಬುದು ಅವರ ಲೆಕ್ಕ.

ಒಮ್ಮೆ ಕೂಡ್ಲಿಗಿಯ ತಾಯಿಯೊಬ್ಬರು ಬಂದು, "ಅಣ್ಣಾರ, ನಲವತ್ತೆಂಟು ಬಣ್ಣದ್ದು ದೊಡ್ಡ ಡಬ್ಬಿ ಕೊಡ್ರಿ. ಮಗಳ ಹುಟ್ಟಿದ ದಿನ ಐತಿ" ಎಂದರು.

"ಎಷ್ಟು ವರ್ಷದಾಕಿ ಅದಾಳ್ರಿ ಮಗಳು?"

"ಆರು ತುಂಬತಾವ್ರಿ."

"ಹನ್ನೆರಡರ ಡಬ್ಬಿ ಒಯ್ರಿ, ಸಾಕು. ಉಳಿದದ್ದಕ್ಕ ದೊಡ್ಡ ಹಾಳಿ ಒಯ್ರಿ. ಸಣ್ಣ ಹುಡುಗರಿಗೆ ಬಣ್ಣ ಕಡಿಮಿ ಬೀಳಂಗಿಲ್ಲ, ಜಾಗ ಕಡಿಮಿ ಬೀಳತೈತಿ."

ಆ ತಾಯಿ ನಲವತ್ತೆಂಟರ ಡಬ್ಬಿಯ ಕಡೆ ಇನ್ನೊಮ್ಮೆ ಆಸೆಯಿಂದ ನೋಡಿ, ಹಾಳೆಯ ಸುರುಳಿ ಹಿಡಿದುಕೊಂಡು ಹೋದರು. ವ್ಯಾಪಾರ ಕೆಡಿಸಿಕೊಳ್ಳುವ ಇಂಥ ಮಾತುಗಳಿಂದಲೇ ಕೊಟ್ರಸ್ವಾಮಿಯವರ ಹೆಸರು ಬೆಳೆದದ್ದು.

ಇಷ್ಟೆಲ್ಲ ಬಲ್ಲ ಅವರಿಗೆ ಕೆಂಪು ಯಾವುದು, ಹಸಿರು ಯಾವುದು ಎಂಬುದು ತಿಳಿಯುವುದಿಲ್ಲ.

ಹುಟ್ಟಿನಿಂದಲೇ ಹಾಗೆ. ಎರಡೂ ಅವರಿಗೆ ಒಂದೇ ಬಗೆಯ ಮಣ್ಣಿನಂತೆ ಕಾಣುತ್ತವೆ. ಒಂದು ಸ್ವಲ್ಪ ಒದ್ದೆ ಮಣ್ಣು, ಒಂದು ಸ್ವಲ್ಪ ಒಣ ಮಣ್ಣು, ಅಷ್ಟೇ. ಹಳದಿ, ನೀಲಿ ಚೆನ್ನಾಗಿ ಗೊತ್ತಾಗುತ್ತವೆ. ಚಿಕ್ಕವರಿದ್ದಾಗ ಎಲ್ಲರಿಗೂ ಹೀಗೇ ಕಾಣುತ್ತದೆ, ಉಳಿದವರು ತಮಗಿಂತ ಚುರುಕಾಗಿರುವುದರಿಂದ ಥಟ್ಟನೆ ಹೇಳುತ್ತಾರೆ ಎಂದುಕೊಂಡಿದ್ದರು. ನಿಜ ತಿಳಿದದ್ದು ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಹೋದಾಗ. ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ಒಂದು ಪುಸ್ತಕ ತೆರೆದು, ಈ ಚುಕ್ಕಿಗಳೊಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಕೊಟ್ರಸ್ವಾಮಿಗೆ ಬರೀ ಚುಕ್ಕಿಗಳು ಕಂಡವು. ಡಾಕ್ಟರು ಪುಟ ತಿರುಗಿಸಿದರು. ಅಲ್ಲಿಯೂ ಬರೀ ಚುಕ್ಕಿ.

"ನಿನಗ ಇದು ಮೊದ್ಲ ಗೊತ್ತಿದ್ದಿಲ್ಲೇನಪಾ?" ಎಂದು ಡಾಕ್ಟರು ಪುಸ್ತಕ ಮುಚ್ಚಿದರು.

ಮನೆಗೆ ಬಂದು, ಎತ್ತರ ಸಾಲಲಿಲ್ಲ ಎಂದು ಹೇಳಿದರು. ಐದೂ ಮುಕ್ಕಾಲು ಅಡಿ ಎತ್ತರದ ಮಗನ ಈ ಮಾತನ್ನು ತಂದೆ ಹೇಗೆ ನಂಬಿದರೋ, ಅಂತೂ ಮತ್ತೆ ಕೇಳಲಿಲ್ಲ. ಸೋದರಮಾವನ ಪುಸ್ತಕದ ಅಂಗಡಿಯಲ್ಲಿ ಕೂರಿಸಿದರು. ಮುಂದೆ ಅಂಗಡಿ ಕೊಟ್ರಸ್ವಾಮಿಯವರದೇ ಆಯಿತು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರ ಒತ್ತಾಯಕ್ಕೆ ಬಣ್ಣ, ಬ್ರಶ್ಶು ಇಡಲು ಶುರುಮಾಡಿದಾಗ ಕೊಟ್ರಸ್ವಾಮಿ ಹೆದರಿದ್ದರು. ಆದರೆ ಒಳ್ಳೆಯ ಕಂಪನಿಯವರು ಪ್ರತಿ ಬಾಟಲಿ, ಪ್ರತಿ ಕಡ್ಡಿಯ ಮೈಮೇಲೆ ಬಣ್ಣದ ಹೆಸರು ಅಚ್ಚು ಹಾಕಿರುತ್ತಾರೆ. ಆ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದರು. ಯಾವುದು ಎಲ್ಲಿ ಎಂದು ಜಾಗ ಗೊತ್ತು ಮಾಡಿಟ್ಟರು. ಹೆಸರಿಲ್ಲದ ಮಾಲನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಬಣ್ಣ ಕಾಣದಿದ್ದರೇನು, ಹಾಳೆಯ ಮೈ ಇದೆ, ಬ್ರಶ್ಶಿನ ತುದಿ ಇದೆ, ಗೆರೆಯ ಓಟ ಇದೆ, ಕಪ್ಪಿನಿಂದ ಬಿಳಿಯವರೆಗೆ ನೂರು ಮೆಟ್ಟಿಲು ಇವೆ. ಕಣ್ಣು ಅವುಗಳ ಕಡೆಗೇ ತಿರುಗಿತು.

ವಿಷಯ ಗೊತ್ತಿದ್ದವರು ಹೆಂಡತಿ ನಾಗಲಿಂಗಮ್ಮ ಒಬ್ಬರೇ. ಮದುವೆಯಾದ ಹೊಸತರಲ್ಲಿ ಒಂದು ಬುಟ್ಟಿ ಮೆಣಸಿನಕಾಯಿ ಮುಂದಿಟ್ಟು, ಹಣ್ಣು ಬೇರೆ ಕಾಯಿ ಬೇರೆ ಮಾಡಿ ಎಂದಿದ್ದರು. ಗಂಡ ಒಂದೊಂದನ್ನೂ ಒತ್ತಿ ಒತ್ತಿ ನೋಡಿ ಎರಡು ಗುಂಪು ಮಾಡಿಟ್ಟರು. ಎರಡೂ ಗುಂಪಿನಲ್ಲಿ ಎರಡೂ ಬಣ್ಣ ಇದ್ದವು. ನಾಗಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ ಆ ಮಾತು ಅವರ ಬಾಯಿಂದ ಹೊರಗೆ ಬೀಳಲಿಲ್ಲ.

ಹಗರಿಬೊಮ್ಮನಹಳ್ಳಿಯ ಅಮೃತಾ ಮೊದಲ ಸಲ ಅಂಗಡಿಗೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕು. ಚಿತ್ರಕಲೆ ಓದಿ ಮುಗಿಸಿ, ಹತ್ತಿರದ ಹಳ್ಳಿಯ ಹೈಸ್ಕೂಲಿಗೆ ಡ್ರಾಯಿಂಗ್ ಟೀಚರಾಗಿ ಸೇರಿದ್ದಳು. ತಿಂಗಳಿಗೊಮ್ಮೆ ಹಾಳೆ, ಬಣ್ಣ ಒಯ್ಯಲು ಬರುತ್ತಿದ್ದಳು. ಒಂದು ದಿನ ತಾನು ಬರೆದ ಚಿತ್ರವೊಂದನ್ನು ಗಾಜಿನ ಮೇಲೆ ಹರಡಿದಳು.

"ಕಾಕಾರ, ಒಮ್ಮಿ ನೋಡಿ ಹೇಳ್ರಿ."

ಹಸಿರು ಜೋಳದ ಹೊಲದ ನಡುವೆ ಕೆಂಪು ಸೀರೆಯುಟ್ಟು ಬಾಗಿ ನಿಂತ ಹೆಂಗಸಿನ ಚಿತ್ರ ಅದು. ಕೊಟ್ರಸ್ವಾಮಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಹೊಲ ಚಲೋ ಬಂದೈತ್ರಿ ಮೇಡಂ. ಗಾಳಿ ಬೀಸಿದ್ದು ಸೈತ ಗೊತ್ತಾಗತೈತಿ. ಆದ್ರ ಅಷ್ಟು ದೊಡ್ಡ ಹೊಲದಾಗ ಮನಷಾರು ಒಬ್ರೂ ಇಲ್ಲಲ್ರಿ?"

ಅಮೃತಾಳ ಮುಖ ಇಳಿದುಹೋಯಿತು. ಚಿತ್ರ ಸುತ್ತಿಕೊಂಡು ಹೊರಟುಹೋದಳು. ಏನೋ ತಪ್ಪು ಮಾತಾಡಿದೆ ಎಂದು ಕೊಟ್ರಸ್ವಾಮಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ ಅವಳು ಪೇಡೆಯ ಡಬ್ಬಿ ಹಿಡಿದು ಬಂದಳು. "ಅವತ್ತು ನೀವು ಹಂಗ ಅಂದಾಗ ನನಗ ಭಾಳ ಸಿಟ್ಟ ಬಂದಿತ್ರಿ. ಮನಿಗೆ ಹೋಗಿ ಆ ಚಿತ್ರದ್ದು ಫೋನಿನಾಗ ಕಪ್ಪು-ಬಿಳಿ ಫೋಟೋ ತಗದು ನೋಡಿದೆ. ಖರೇನ ಆಕಿ ಅದ್ರಾಗ ಇರಲಿಲ್ಲ ಕಾಕಾರ! ಹೊಲದಾಗ ಕರಗಿ ಹೋಗಿದ್ಲು. ಬರೇ ಕೆಂಪು ಬಳದ್ರ ಆಗಂಗಿಲ್ಲ, ನೆಳ್ಳು ಬೆಳಕು ಸರಿ ಇರಬೇಕು ಅಂತ ಆವಾಗ ತಿಳೀತು. ಮತ್ತೊಮ್ಮಿ ಬರದೆ. ಬೆಂಗಳೂರಿನ ಪ್ರದರ್ಶನಕ್ಕ ಆರಿಸ್ಯಾರ. ಇದು ನಿಮ್ಮ ಪೇಡೆ."

ಆಗ ಕೊಟ್ರಸ್ವಾಮಿಗೆ ಗೊತ್ತಾಯಿತು, ಆ ಹೊಲದಲ್ಲಿ ಒಬ್ಬ ಹೆಂಗಸು ಇದ್ದಳೆಂದು. ಪೇಡೆ ಬಾಯಿಗಿಟ್ಟುಕೊಂಡರು. ಹೇಳಿಬಿಡಬೇಕು ಎಂದು ಬಾಯಿ ತೆರೆದರು. ಅವಳ ಮುಖದಲ್ಲಿದ್ದ ಸಂತೋಷ ನೋಡಿ, ನೀರು ಕುಡಿದು ಸುಮ್ಮನಾದರು.

ಅಲ್ಲಿಂದ ಮುಂದೆ ಅವರಿಗೆ ಚಿತ್ರ ನೋಡುವ ದೊಡ್ಡ ಕಣ್ಣಿದೆ ಎಂದು ಮಾತು ಹಬ್ಬಿತು. ಕೂಡ್ಲಿಗಿಯಿಂದ ಕ್ರಾಂತಿಕುಮಾರ್ ಎಂಬ ಕಲಾವಿದ ಮೋಟಾರ್ ಸೈಕಲ್ಲಿನ ಹಿಂದೆ ಚಿತ್ರ ಕಟ್ಟಿಕೊಂಡು ಬರಲು ಶುರುಮಾಡಿದ. ಹಡಗಲಿಯಿಂದ, ಹರಪನಹಳ್ಳಿಯಿಂದಲೂ ಒಬ್ಬೊಬ್ಬರು ಬರುತ್ತಿದ್ದರು. ಕೊಟ್ರಸ್ವಾಮಿ ತಮಗೆ ಕಂಡದ್ದನ್ನೇ ಹೇಳುತ್ತಿದ್ದರು: ಈ ಮೂಲೆ ಭಾರವಾಯಿತು, ಈ ಎಮ್ಮೆಯ ಬೆನ್ನು ಗೋಡೆಗೆ ಅಂಟಿತು. ಸುಳ್ಳು ಹೇಳಿದವರಲ್ಲ. ಆದರೆ ಪ್ರತಿ ಸಲ ಯಾರಾದರೂ ಕೈಮುಗಿದು ಹೋದಾಗ ಎದೆಯಲ್ಲಿ ಒಂದು ಕಲ್ಲು ಅಲುಗಿದಂತಾಗುತ್ತಿತ್ತು. ಹೀಗೇ ಹತ್ತು ವರ್ಷ ಹೋಯಿತು.

ಹೋದ ವರ್ಷ ಶಾಲೆ ಶುರುವಾದ ಮೇಲೆ ಅಮೃತಾ ಹೊಸ ಸುದ್ದಿ ತಂದಳು. ಹಡಗಲಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತೀರಿಹೋದ ಹೆಂಡತಿಯ ಹೆಸರಿನಲ್ಲಿ ಹತ್ತು ಶಾಲೆಗಳಿಗೆ ಒಂದೊಂದು ಟ್ರಂಕು ಕೊಡಲು ಮುಂದೆ ಬಂದಿದ್ದರು. ಟ್ರಂಕಿನ ತುಂಬ ಚಿತ್ರದ ಸಾಮಾನು, ಚಿತ್ರಕಲೆಯ ಪುಸ್ತಕಗಳು. ಆರಿಸುವ ಜವಾಬ್ದಾರಿ ಅಮೃತಾಳದು.

"ನಾ ಒಬ್ಬಾಕಿ ಆರಿಸಂಗಿಲ್ಲ ಕಾಕಾರ. ದಾವಣಗೆರೆಗೆ ಹೋಗೂಣು, ನೀವೂ ಬರ್ರಿ."

"ನಾ ಯಾಕ್ರಿ ಮೇಡಂ? ಚೀಟಿ ಬರಕೊಡ್ತೀನಿ, ನೀವ ತರ್ರಿ."

"ಚೀಟಿಗೆ ಬೆರಳಿಲ್ಲಲ್ರಿ ಹಾಳಿ ಮುಟ್ಟಿ ನೋಡಾಕ" ಎಂದಳು ಅವಳು. ಆ ಮಾತಿಗೆ ಕೊಟ್ರಸ್ವಾಮಿ ಸೋತರು.

ಆಷಾಢದ ಒಂದು ಶನಿವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟರು. ಹರಪನಹಳ್ಳಿ ದಾಟುವವರೆಗೂ ಅಮೃತಾ ಪಟ್ಟಿ ಓದುತ್ತಿದ್ದಳು, ಕೊಟ್ರಸ್ವಾಮಿ ಹೂಂಗುಟ್ಟುತ್ತಿದ್ದರು. ದಾವಣಗೆರೆಯ ಹೋಲ್‌ಸೇಲ್ ಅಂಗಡಿ ಮೂರು ಅಂತಸ್ತಿನದು. ಕೆಳಗೆ ಹಾಳೆ, ನಡುವೆ ಪುಸ್ತಕ, ಮೇಲೆ ಬಣ್ಣ. ಹಾಳೆಯ ಮಹಡಿಯಲ್ಲಿ ಕೊಟ್ರಸ್ವಾಮಿ ಮದುವೆಮನೆಯ ಯಜಮಾನನಂತೆ ಓಡಾಡಿದರು. ಮೂರು ಬಗೆ ಹಾಳೆ ಬೇಡವೆಂದು, ನಾಲ್ಕನೆಯದನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, "ಇದು ನೀರು ತಡೀತೈತಿ, ರಬ್ಬರ್ ತಡೀತೈತಿ, ಹುಡುಗರ ಕೈಯ್ಯೂ ತಡೀತೈತಿ" ಎಂದರು. ಅಂಗಡಿಯವನು ಇವರ ಕಡೆ ಒಂದು ಥರ ಮರ್ಯಾದೆಯಿಂದ ನೋಡತೊಡಗಿದ.

ಪುಸ್ತಕದ ಮಹಡಿಯಲ್ಲಿ ಸಣ್ಣ ಜಗಳವೇ ಆಯಿತು. ಹೊರದೇಶದ ದೊಡ್ಡ ದೊಡ್ಡ ಕಲಾವಿದರ ವರ್ಣಚಿತ್ರಗಳಿದ್ದ ದಪ್ಪ ಪುಸ್ತಕವನ್ನು ಅಮೃತಾ ಎದೆಗವಚಿಕೊಂಡಿದ್ದಳು. ಕೊಟ್ರಸ್ವಾಮಿಯವರ ಕೈಯಲ್ಲಿ ಒಂದು ತೆಳ್ಳನೆಯ ಪುಸ್ತಕವಿತ್ತು. ಅದರ ತುಂಬ ಬರೀ ಪೆನ್ಸಿಲಿನಲ್ಲಿ ಬರೆದ ಕೋಳಿ, ಮೇಕೆ, ಮಲಗಿದ ನಾಯಿ, ಬಿಂದಿಗೆ ಹೊತ್ತ ಹೆಂಗಸರು. ಒಂದೊಂದಕ್ಕೆ ಹತ್ತು ಹನ್ನೆರಡು ಗೆರೆ, ಹೆಚ್ಚಿಲ್ಲ.

"ಇದ್ರಾಗ ಬಣ್ಣಾನ ಇಲ್ಲಲ್ರಿ ಕಾಕಾರ. ಹುಡುಗರು ತಗದೂ ನೋಡಂಗಿಲ್ಲ."

"ನಿಮ್ಮ ಪುಸ್ತಕ ನೋಡಿದ ಹುಡುಗ ಬೆರಗಾಗಿ ಕುಂದರ್ತಾನ್ರಿ. ಇದನ್ನ ನೋಡಿದ ಹುಡುಗ ಪುಸ್ತಕ ಮುಚ್ಚಿಟ್ಟು ಕೋಳಿ ಹಿಂದ ಹೋಗ್ತಾನ."

ಕೊನೆಗೆ ಎರಡನ್ನೂ ತೆಗೆದುಕೊಂಡರು. ಬಾಗಳಿ, ಕುರುವತ್ತಿ ಗುಡಿಗಳ ಶಿಲ್ಪದ ಫೋಟೋ ಪುಸ್ತಕ ಸಿಕ್ಕಿದ್ದು ಇಬ್ಬರಿಗೂ ಖುಷಿಯಾಯಿತು. ತಮ್ಮ ಊರಿನ ಕಲ್ಲುಗಳನ್ನು ಮಕ್ಕಳು ಪುಸ್ತಕದಲ್ಲಿ ನೋಡಿ, ಆಮೇಲೆ ಸೈಕಲ್ ಹೊಡೆದುಕೊಂಡು ಹೋಗಿ ನಿಜವಾಗಿಯೂ ನೋಡಬಹುದಲ್ಲ ಎಂದು ಅಮೃತಾ ಹಿಗ್ಗಿದಳು.

ಮೇಲಿನ ಮಹಡಿಗೆ ಹೋಗುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಶಾಲೆಯ ಹೆಡ್‌ಮಾಸ್ತರರು. ಒಳಗೆ ಮಾತು ಸರಿಯಾಗಿ ಕೇಳಿಸದೆ, "ಕಾಕಾರ, ಪೋಸ್ಟರ್ ಬಣ್ಣದ್ದು ಕೆಂಪು ಇಪ್ಪತ್ತು, ಹಸರು ಇಪ್ಪತ್ತು ತಗದಿಡ್ರಿ, ಈಗ ಬಂದೆ" ಎನ್ನುತ್ತ ಕೆಳಗಿಳಿದು ಹೋದಳು.

ಅಂಗಡಿಯವನು ಎರಡು ಕ್ರೇಟು ತಂದು ಮುಂದಿಟ್ಟು, "ಹೊಸ ಕಂಪನಿ ಮಾಲು ಸರ್, ಭಾಳ ಚೆನ್ನಾಗೈತೆ. ಆರಿಸ್ಕೊಳ್ಳಿ" ಎಂದು ಬೇರೆ ಗಿರಾಕಿಯ ಕಡೆ ಹೋದ. ಕೊಟ್ರಸ್ವಾಮಿ ಒಂದು ಬಾಟಲಿ ಎತ್ತಿ ತಿರುಗಿಸಿ ನೋಡಿದರು. ಕಂಪನಿಯ ಹೆಸರಿತ್ತು, ತೂಕವಿತ್ತು, ಬಣ್ಣದ ಹೆಸರಿರಲಿಲ್ಲ. ತಳದಲ್ಲಿ ಬರೀ ಒಂದು ನಂಬರು. ಆ ನಂಬರುಗಳ ಪಟ್ಟಿ ಯಾರ ಹತ್ತಿರವಿತ್ತೋ. ಹಳದಿ ನೀಲಿಗಳನ್ನು ಬಿಟ್ಟರೆ ಉಳಿದ ಬಾಟಲಿಗಳೆಲ್ಲ ಒಂದೇ ಮಣ್ಣಿನ ಗುಡ್ಡೆಯಂತೆ ಕೂತಿದ್ದವು. ಸ್ವಲ್ಪ ಕಪ್ಪೆನಿಸಿದ ಇಪ್ಪತ್ತನ್ನು ಎಡಕ್ಕೆ, ಸ್ವಲ್ಪ ತಿಳಿಯೆನಿಸಿದ ಇಪ್ಪತ್ತನ್ನು ಬಲಕ್ಕೆ ಇಟ್ಟು ಕಾದರು.

ಅಮೃತಾ ಬಂದವಳೇ ನಕ್ಕಳು. "ಇದೇನ್ರಿ ಕಾಕಾರ, ಎರಡೂ ಕಡಿ ಕಲಸಿಬಿಟ್ಟೀರಿ?"

ಮೂವತ್ತು ವರ್ಷದಿಂದ ಇಂಥ ಹೊತ್ತಿಗೆಂದೇ ಒಂದು ನೆಪ ಸಿದ್ಧವಾಗಿರುತ್ತಿತ್ತು. "ಕನ್ನಡಕ ಮನ್ಯಾಗ..." ಎಂದು ಶುರುಮಾಡಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಕೈ ಅದನ್ನು ಮುಟ್ಟಿತು, ಮಾತು ನಿಂತಿತು. ಹತ್ತು ಶಾಲೆಯ ಮಕ್ಕಳ ಟ್ರಂಕು ಇದು, ಇದರಲ್ಲಿ ಕಣ್ಣುಮುಚ್ಚಾಲೆ ಆಡುವುದು ಬೇಡ ಎನಿಸಿತು.

"ಮೇಡಂ, ನನಗ ಕೆಂಪು ಹಸರು ಗೊತ್ತಾಗಂಗಿಲ್ರಿ. ಹುಟ್ಟಿದಾಗಿಂದ ಹಂಗ. ಹೆಸರು ಓದಿ ಮಾರ್ತೀನಿ. ಇದ್ರ ಮ್ಯಾಲ ಹೆಸರಿಲ್ಲ."

ಅಮೃತಾಳ ನಗು ನಿಧಾನವಾಗಿ ಆರಿತು. ಅವರ ಮುಖವನ್ನೊಮ್ಮೆ, ಬಾಟಲಿಗಳನ್ನೊಮ್ಮೆ ನೋಡಿದಳು. ಬೇಗ ಬೇಗ ಬಾಟಲಿಗಳನ್ನು ತಾನೇ ಬೇರೆ ಮಾಡಿದಳು, ಬಣ್ಣದ ಕಡ್ಡಿಗಳನ್ನೂ ಅದೇ ಕಂಪನಿಯವನ್ನು ಕೊಡಲು ಹೇಳಿ, ಮಾಲನ್ನು ಮೂರು ದಿನದಲ್ಲಿ ಕೊಟ್ಟೂರಿಗೆ ಪಾರ್ಸೆಲ್ ಹಾಕಲು ತಿಳಿಸಿದಳು. ಇಬ್ಬರೂ ಬಸ್ಸು ಹತ್ತಿದರು.

ವಾಪಸು ದಾರಿಯಲ್ಲಿ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಕೊಟ್ರಸ್ವಾಮಿ ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕೂತರು. ಹತ್ತು ವರ್ಷ ಮೋಸ ಮಾಡಿದನೆಂದು ಬೇಸರಪಟ್ಟುಕೊಂಡಿರಬೇಕು, ಪಟ್ಟುಕೊಂಡರೆ ತಪ್ಪೇನೂ ಇಲ್ಲ ಎಂದುಕೊಂಡರು. ಹೊರಗೆ ಮೆಕ್ಕೆಜೋಳ ಮೊಣಕಾಲುದ್ದ ಬೆಳೆದಿತ್ತು.

ಹರಪನಹಳ್ಳಿಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಕೆಳಗಿಳಿದು ಚಹಾ ತೆಗೆದುಕೊಂಡರು. ಕೊಟ್ರಸ್ವಾಮಿಯೇ ಬಾಯಿಬಿಟ್ಟರು.

"ಸಿಟ್ಟ ಬಂದಿರಬೇಕು ನಿಮಗ. ಮೊದ್ಲ ಹೇಳಬೇಕಾಗಿತ್ತು, ಧೈರ್ಯ ಆಗಲಿಲ್ಲವ್ವ."

"ನಿಮ್ಮ ಮ್ಯಾಲ ಯಾಕ ಸಿಟ್ಟ್ರಿ ಕಾಕಾರ?" ಎಂದಳು ಅವಳು. ಕಣ್ಣು ತುಂಬಿಕೊಂಡಿದ್ದವು. "ನಮ್ಮ ಸಾಲ್ಯಾಗ ಪ್ರವೀಣಕುಮಾರ್ ಅಂತ ಒಬ್ಬ ಹುಡುಗ ಅದಾನ, ಒಂಬತ್ತನೇತ್ತದಾಗ. ಎಲಿಗೆಲ್ಲಾ ಕಂದು ಬಳೀತಾನ. ಗಿಣಿಗೂ ಕಂದು. ಹೋದ ವರ್ಷದಿಂದ ಬೈಯಾಕತ್ತೀನಿ. ಲಕ್ಷ್ಯ ಎಲ್ಲಿಟ್ಟೀಯಲೇ ಅಂತ ಕ್ಲಾಸಿನಾಗ ನಿಂದ್ರಿಸೀನಿ. ಹೋದ ವಾರ ಹಾಳಿ ಹರದು ಕೈಯಾಗ ಕೊಟ್ಟೀನಿ. ಬಸ್ಸಿನಾಗ ಕುಂತಾಗಿಂದ ಅವನ ಮಾರೀನ ಕಣ್ಣಮುಂದ ಬರಾಕತ್ತೈತಿ."

ಕೊಟ್ರಸ್ವಾಮಿ ಚಹಾದ ಲೋಟ ಕೆಳಗಿಟ್ಟರು. ತಮ್ಮೊಬ್ಬರ ಮರ್ಯಾದೆಯ ಪ್ರಶ್ನೆ ಎಂದುಕೊಂಡಿದ್ದ ವಿಷಯದೊಳಗೆ ಇನ್ನೊಂದು ಮಗು ನಿಂತಿದ್ದದ್ದು ಅವರಿಗೆ ಹೊಳೆದೇ ಇರಲಿಲ್ಲ.

"ಗಂಡುಹುಡುಗರಾಗ ಇದು ಭಾಳಂತ ಆ ಡಾಕ್ಟರು ಹೇಳಿದ್ರು. ಒಂದ್ ಕ್ಲಾಸಿಗೆ ಒಬ್ಬರರ ಇರ್ತಾರಂತ. ಅವನಿಗೆ ಬೈಯಬ್ಯಾಡ್ರಿ. ಹೆಸರು ಬರದ ಕಡ್ಡಿ ಕೊಟ್ಟು ನೋಡ್ರಿ."

ಅವಳು ಮೂಗು ಒರೆಸಿಕೊಂಡು ತಲೆಯಾಡಿಸಿದಳು. ಏನೋ ನೆನಪಾದವಳಂತೆ ಥಟ್ಟನೆ ತಿರುಗಿದಳು.

"ಕಾಕಾರ, ಹಂಗಾರ ಅವತ್ತು ಆ ಜೋಳದ ಹೊಲದಾಗ... ಆಕಿ ನಿಮಗ ಖರೇನ ಕಾಣಲಿಲ್ಲೇನ್ರಿ?"

"ದೇವರಾಣಿ ಕಾಣಲಿಲ್ಲವ್ವ. ನೀವು ಪೇಡೆ ತಂದಾಗ ಗೊತ್ತಾತು ಅಲ್ಲೊಬ್ಬಾಕಿ ಅದಾಳ ಅಂತ."

ಅಮೃತಾ ನಗಲು ಶುರುಮಾಡಿದಳು. ಲೋಟದ ಚಹಾ ಸೀರೆಯ ಮೇಲೆ ಚೆಲ್ಲಿದರೂ ನಿಲ್ಲಿಸಲಿಲ್ಲ. ಚಹಾದಂಗಡಿಯವನು ಇವರಿಗೇನಾಯಿತು ಎಂದು ಇಣುಕಿದ. ಕೊಟ್ರಸ್ವಾಮಿಗೂ ನಗು ಬಂತು, ಮೊದಲು ಅಂಜುತ್ತ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಂಡಕ್ಟರ್ ಸೀಟಿ ಊದಿ ಊದಿ ಸಾಕಾಗಿ ಹತ್ತಿರ ಬಂದೇ ಕರೆಯಬೇಕಾಯಿತು.

ಬಸ್ಸಿನಿಂದಲೇ ಅವಳು ದಾವಣಗೆರೆಗೆ ಫೋನು ಮಾಡಿ, ಆ ಕಂಪನಿಯ ಬಾಟಲಿ, ಕಡ್ಡಿ ಎರಡೂ ಬೇಡ, 'ಒಂದೊಂದರ ಮೈಮೇಲೂ ಹೆಸರು ಅಚ್ಚಾಗಿರುವುದನ್ನೇ ಕಳಿಸಿ' ಎಂದಳು. ಅಂಗಡಿಯವನು ಗೊಣಗಿದ, ಕೊನೆಗೆ ಒಪ್ಪಿದ. ಪಾರ್ಸೆಲ್ ಬಂದಾಗ ಇನ್ನೊಂದು ತೊಡಕು ಕಂಡಿತು. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಮೂರನೆಯ ನಾಲ್ಕನೆಯ ತರಗತಿಯ ಹಳ್ಳಿಯ ಮಕ್ಕಳು ಅದನ್ನು ಓದುವುದು ಹೇಗೆ?

ನಾಗಲಿಂಗಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿದರು. ಅವರು ಒಂದೊಂದು ಕಡ್ಡಿ ಎತ್ತಿ ಹೆಸರು ಹೇಳುವುದು, ಕೊಟ್ರಸ್ವಾಮಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆಯುವುದು ಎಂದಾಯಿತು.

"ಇದು ಗಿಣಿ ಹಸರು ಬರೀರಿ. ಇದು ಹೊಂಗಿ ಎಲಿ. ಇದು ಹಣ್ಣು ಮೆಣಸಿನಕಾಯಿ."

"ಏ ನಾಗಲಿಂಗಿ, ಸಾಲಿ ಹುಡುಗರಿಗೆ ಇದು. ಕೆಂಪು ಅಂತ ಬರೀತೀನಿ."

"ಬರೇ ಕೆಂಪು ಅಂದ್ರ ಯಾವ ಕೆಂಪ್ರಿ? ಇಟ್ಟಂಗಿನೂ ಕೆಂಪ, ಕುಂಕುಮಾನೂ ಕೆಂಪ. ಕಾಣದ ಹುಡುಗನಿಗೆ ಮೆಣಸಿನಕಾಯಿ ಅಂದ್ರ ಯಾತಕ್ಕ ಹಚ್ಚಬೇಕು ಅಂತರ ತಿಳೀತೈತಿ."

ಕೊಟ್ರಸ್ವಾಮಿ ಪೆನ್ನು ಹಿಡಿದವರು ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷ ಬಣ್ಣದ ಅಂಗಡಿ ಇಟ್ಟವರು ತಾವು. ಈ ಮಾತು ಹೊಳೆದದ್ದು ನಾಗಲಿಂಗಮ್ಮನಿಗೆ. ಅವರು ಹೇಳಿದಂತೆಯೇ ಬರೆದರು. ಅರಿಷಿಣ, ಬದನಿಕಾಯಿ, ಇಟ್ಟಂಗಿ, ಬೆಣ್ಣಿ, ಆಕಾಶ. ಆ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಅಂಟಿನ ಕಾಗದದ ಮೇಲೆ ತೆಗೆಸಿ, ಗಂಡ ಹೆಂಡತಿ ಕತ್ತರಿ ಹಿಡಿದು ನಾಲ್ಕು ಮಧ್ಯಾಹ್ನ ಕೂತು ಚೂರು ಮಾಡಿ ಅಂಟಿಸಿದರು. ಭಾನುವಾರ ಅಮೃತಾಳೂ ಬಂದು ಸೇರಿಕೊಂಡಳು. ಟ್ರಂಕುಗಳು ಲಗೇಜು ಆಟೋದಲ್ಲಿ ಹಿರೇಹಡಗಲಿ, ಮೈಲಾರದ ಶಾಲೆಗಳವರೆಗೂ ಹೋದವು.

ಪ್ರವೀಣಕುಮಾರನ ಸುದ್ದಿಯನ್ನು ಅಮೃತಾ ಒಂದು ಸಂಜೆ ಫೋನಿನಲ್ಲಿ ಹೇಳಿದಳು. ಡಬ್ಬಿ ಕೊಟ್ಟಾಗ ಅವನು ಕಡ್ಡಿಗಳನ್ನು ತಿರುಗಿಸಿ ತಿರುಗಿಸಿ ಓದಿದನಂತೆ. ಗಿಣಿಗೆ ಗಿಣಿ ಹಸಿರು ಹಚ್ಚಿ ತಂದು ತೋರಿಸಿದನಂತೆ. ಅವಳು ಅವನನ್ನು ಪಕ್ಕಕ್ಕೆ ಕರೆದು, ತಪ್ಪು ನನ್ನದು ಎಂದು ಹೇಳಿ, ಕಣ್ಣಿನ ವಿಷಯ ತಿಳಿಸಿದಳು. ಅವನ ತಾಯಿಯನ್ನೂ ಕರೆಸಿ ಮಾತಾಡಿದಳು.

"ಖುಷಿ ಆತೇನು ಅವನಿಗೆ?" ಎಂದು ಕೊಟ್ರಸ್ವಾಮಿ ಆತುರದಿಂದ ಕೇಳಿದರು.

"ಕೇಳಿದಾ, ತಲಿ ತುರಿಸ್ಕೊಂಡಾ. 'ಹಂಗಾರ ನಾ ದಡ್ಡ ಅಲ್ಲೇನ್ರಿ ಟೀಚರ್' ಅಂದಾ. ಅಲ್ಲ ಅಂದೆ. 'ಕಬಡ್ಡಿ ಆಡಾಕ ಹೋಗ್ಲೇನ್ರಿ' ಅಂತಂದು ಓಡಿಹೋದ."

ಅವನಿಗೆ ಚಿತ್ರದ ಹುಚ್ಚೇನೂ ಹಿಡಿಯಲಿಲ್ಲ. ಈಗ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಅಡಗಿ ಕೂರುವುದಿಲ್ಲ, ಅಷ್ಟೇ. ಅಷ್ಟಾದರೆ ಸಾಕು ಎಂದು ಕೊಟ್ರಸ್ವಾಮಿಗೆ ಅನಿಸಿತು.

ವಿಷಯ ನಿಧಾನವಾಗಿ ಎಲ್ಲರಿಗೂ ತಿಳಿಯಿತು. ಮುಚ್ಚಿಡುವ ಮನಸ್ಸು ಅವರಿಗೂ ಉಳಿದಿರಲಿಲ್ಲ. ಕ್ರಾಂತಿಕುಮಾರ್ ಅಂಗಡಿಗೆ ಬಂದು, "ಬಣ್ಣ ಕಾಣದೋರ ಮಾತು ಕೇಳಿ ನನ್ನ ಚಿತ್ರ ತಿದ್ದಿದ್ನಲ್ರಿ" ಎಂದು ಮುಖ ಗಂಟುಹಾಕಿಕೊಂಡು ಹೋದ. ನಾಲ್ಕು ತಿಂಗಳು ಈ ಕಡೆ ಸುಳಿಯಲಿಲ್ಲ. ಕೊಟ್ರಸ್ವಾಮಿಗೆ ನೋವಾಯಿತು, ಆದರೆ ಅವನದು ತಪ್ಪು ಎನಿಸಲಿಲ್ಲ. ಐದನೆಯ ತಿಂಗಳು ಮೋಟಾರ್ ಸೈಕಲ್ ಮತ್ತೆ ಬಂದು ನಿಂತಿತು. ಕ್ರಾಂತಿಕುಮಾರ್ ಹಾಳೆ ತೆಗೆದುಕೊಂಡ, ಹೊರಟ, ಬಾಗಿಲ ತನಕ ಹೋದವನು ತಿರುಗಿ ಬಂದು ಒಂದು ಚಿತ್ರವನ್ನು ಗಾಜಿನ ಮೇಲೆ ಬಿಚ್ಚಿದ. ಕೊಟ್ರಸ್ವಾಮಿ ಬಗ್ಗಿ ನೋಡಿದರು. "ಎಡಕ್ಕ ಆ ಮರ ಮುಂದ ಬಂದೈತಿ. ಹಿಂದ ಕಳಸ್ರಿ" ಎಂದರು. ಹೂಂ ಎಂದು ಅವನು ಸುತ್ತಿಕೊಂಡ.

ಮೊನ್ನೆ ಮೊನ್ನೆ, ದೀಪಾವಳಿಗೆ ಮೊದಲು, ಯರ್ರೆಪ್ಪ ಎಂಬ ಕುರಿಗಾರ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದ. ಸಂತೆಗೆ ಹೊರಟ ಕುರಿಗಳಿಗೆ ಗುರುತು ಹಾಕಬೇಕಿತ್ತು. ಎರಡು ದಿನ ಉಳಿದರೆ ಸಾಕು, ಕೆಂಪು ಬಣ್ಣದ್ದು ಏನಾದರೂ ಕೊಡಿ ಎಂದ. ಕೊಟ್ರಸ್ವಾಮಿ ಮೇಣದ ದಪ್ಪ ಕಡ್ಡಿಗಳ ಡಬ್ಬಿಯನ್ನು ಅವನ ಮುಂದೆ ಸರಿಸಿದರು. ಯಾರೋ ಮಕ್ಕಳು ನೋಡಲು ತೆಗೆದು ಕಡ್ಡಿಗಳ ಮೇಲಿನ ಹೆಸರಿನ ಕಾಗದ ಹರಿದಿದ್ದರು.

"ಕೆಂಪಂದು ನೀವ ಆರಿಸ್ಕೋರಿ ಯರ್ರೆಪ್ಪಾರ. ನನಗ ಕೆಂಪು ಹಸರು ಗೊತ್ತಾಗಂಗಿಲ್ಲ."

ಯರ್ರೆಪ್ಪ ಅವರನ್ನು ಒಂದು ಕ್ಷಣ ನೋಡಿದ. "ಅದಕ್ಕೇನಾತು ಬಿಡ್ರಿ ಯಜಮಾನ್ರ. ನಮ್ಮ ಕುರಿಗೂ ಗೊತ್ತಾಗಂಗಿಲ್ಲ. ಹಂಗಂತ ಅವು ಯಾವತ್ತರ ಉಪಾಸ ಬಿದ್ದಾವೇನು?"

ಅಷ್ಟು ಹೇಳಿ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಕಡ್ಡಿ ಎತ್ತಿದ. ಮುಂಗೈ ಮೇಲೆ ಗೀಚಿ ನೋಡಿಕೊಂಡು, ಸರಿಯಿದೆ ಎಂದು ತಲೆಯಾಡಿಸಿ, ಅದನ್ನು ರುಮಾಲಿನ ಮಡಿಕೆಯೊಳಗೆ ಸಿಗಿಸಿಕೊಂಡು ಮೆಟ್ಟಿಲಿಳಿದು ಹೋದ.